ಶೇಕಡಾ 15ರ ಮರ: ಫೇಬಲ್ ಆಟದ ನಿರಾಸೆಯ ಒಂದು ಅಧ್ಯಯನ

2004ರ ಸೆಪ್ಟೆಂಬರ್ 14ಕ್ಕೆ ಅಮೆರಿಕದ ಅಂಗಡಿಗಳಿಗೆ ಒಂದು ವಿಡಿಯೋ ಗೇಮ್ ಬಂತು. ಮೊದಲ ವಾರದಲ್ಲೇ 3,75,000 ಪ್ರತಿಗಳು ಖರ್ಚಾದವು. ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ ನೂರಕ್ಕೆ 85ರ ಹತ್ತಿರ ಇತ್ತು. ಯಾವ ಲೆಕ್ಕದಲ್ಲಿ ನೋಡಿದರೂ ಗೆದ್ದ ಆಟ. ಆದರೂ ಕೆಲವೇ ವಾರಗಳಲ್ಲಿ ಅದನ್ನು ಮಾಡಿದ ಸಂಸ್ಥೆಯ ಮುಖ್ಯಸ್ಥರು ಆಟಗಾರರಿಗೆ ಬಹಿರಂಗ ಪತ್ರ ಬರೆದು ಕ್ಷಮೆ ಕೇಳಬೇಕಾಯಿತು.

ಆ ಆಟ ಫೇಬಲ್. ಪತ್ರ ಬರೆದವರು ಪೀಟರ್ ಮೊಲಿನ್ಯೂ. ಸಂಸ್ಥೆ ಲಯನ್‌ಹೆಡ್ ಸ್ಟುಡಿಯೋಸ್, ಇಂಗ್ಲೆಂಡಿನ ಗಿಲ್ಡ್‌ಫೋರ್ಡ್ ಊರಿನದು.

ಕೆಟ್ಟ ಆಟ ಕೊಟ್ಟು ಬೈಸಿಕೊಂಡವರ ಕಥೆಗಳು ಎಷ್ಟೋ ಇವೆ. ಅವುಗಳಿಂದ ಕಲಿಯುವುದು ಜಾಸ್ತಿ ಏನಿಲ್ಲ. ಒಳ್ಳೆಯ ಆಟ ಕೊಟ್ಟೂ ಜನ ಬೇಸರ ಮಾಡಿಕೊಂಡರು ಅಂದರೆ ಮಾತ್ರ ಕೂತು ಯೋಚಿಸಬೇಕಾಗುತ್ತದೆ. ಈ ಪ್ರಕರಣ ಅಂಥದ್ದು. ಇಪ್ಪತ್ತು ವರ್ಷ ಕಳೆದರೂ ಗೇಮಿಂಗ್ ಬಲ್ಲವರ ನಡುವೆ "ಆ ಓಕ್ ಮರ" ಅಂದರೆ ಸಾಕು, ಯಾವ ವಿಷಯ ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಈ ಆಟ ಆಡಿದ್ದು ತುಂಬ ತಡವಾಗಿ, ಪಿಸಿಗೆ ಬಂದ ಆವೃತ್ತಿಯನ್ನು. ಆಗ ಇದರ ಬಗ್ಗೆ ನಾನು ಒಂದು ಸಾಲೂ ಓದಿರಲಿಲ್ಲ. ಪಕ್ಕದಲ್ಲಿ ಚಿಕ್ಕಪ್ಪನ ಮಗ ಕೂತಿದ್ದ. ಹಳ್ಳಿಯ ಬೀದಿಯಲ್ಲಿ ಕೋಳಿಯೊಂದು ಓಡಾಡುತ್ತಿತ್ತು. "ಅಣ್ಣಾ, ಅದನ್ನ ಒದಿಯೋಕಾಗುತ್ತಾ ನೋಡು" ಅಂದ. ಒದ್ದೆ. ಕೋಳಿ ಬೇಲಿಯ ಆಚೆ ಹಾರಿ ಬಿತ್ತು. ಊರಿನ ಜನ ತಿರುಗಿ ನೋಡಿದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆವತ್ತು ರಾತ್ರಿ ಎರಡು ಗಂಟೆಯವರೆಗೆ ಆಡಿದೆವು. ನಮಗೆ ಯಾವ ನಿರಾಸೆಯೂ ಆಗಲಿಲ್ಲ. ಇದೇ ಆಟಕ್ಕೆ ಕ್ಷಮಾಪಣೆ ಪತ್ರ ಇದೆ ಎಂದು ಆಮೇಲೆ ಗೊತ್ತಾದಾಗ ನಿಜಕ್ಕೂ ಆಶ್ಚರ್ಯವಾಯಿತು. ಈ ಬರಹ ಹುಟ್ಟಿದ್ದು ಆ ಆಶ್ಚರ್ಯದಿಂದ.

ನಂಬುವುದಕ್ಕೆ ಕಾರಣ ಇತ್ತು

ಜನ ಸುಮ್ನೆ ನಂಬಿ ಮೋಸ ಹೋದರು ಎಂದು ಹೇಳುವುದು ಸುಲಭ. ಅದು ಸರಿಯಲ್ಲ. ಮೊಲಿನ್ಯೂ ಮಾತು ನಂಬುವುದಕ್ಕೆ ಗಟ್ಟಿಯಾದ ಕಾರಣಗಳಿದ್ದವು.

ಅವರು 1987ರಲ್ಲಿ ಬುಲ್‌ಫ್ರಾಗ್ ಎಂಬ ಸಂಸ್ಥೆ ಕಟ್ಟಿದವರು. 1989ರಲ್ಲಿ ಅಲ್ಲಿಂದ ಬಂದ ಪಾಪ್ಯುಲಸ್ ಆಟದಲ್ಲಿ ಆಟಗಾರನೇ ದೇವರು. ಮೇಲಿನಿಂದ ನೋಡುತ್ತ ನೆಲ ಎತ್ತರಿಸಬಹುದು, ತಗ್ಗಿಸಬಹುದು, ಭಕ್ತರನ್ನು ಬೆಳೆಸಬಹುದು. ಅಂಥ ಆಟಗಳಿಗೆ ಆಮೇಲೆ ಒಂದು ಪ್ರತ್ಯೇಕ ಜಾತಿಯೇ ಹುಟ್ಟಿಕೊಂಡಿತು. 1997ರಲ್ಲಿ ಡಂಜನ್ ಕೀಪರ್ ಬಂತು. ಅದೇ ವರ್ಷ ಲಯನ್‌ಹೆಡ್ ಶುರುವಾಯಿತು. 2001ರಲ್ಲಿ ಬ್ಲ್ಯಾಕ್ ಅಂಡ್ ವೈಟ್ ಬಂತು. ಅದರಲ್ಲಿ ಒಂದು ದೊಡ್ಡ ಪ್ರಾಣಿ ನಮ್ಮನ್ನು ನೋಡಿ ಕಲಿಯುತ್ತದೆ. ತಪ್ಪು ಮಾಡಿದರೆ ಗದರಬಹುದು, ಒಳ್ಳೆಯದು ಮಾಡಿದರೆ ತಲೆ ಸವರಬಹುದು. ಸಾಕಿದವರ ಗುಣ ಅದಕ್ಕೆ ಬರುತ್ತದೆ.

ಇಷ್ಟು ಮಾಡಿ ತೋರಿಸಿದ ಮನುಷ್ಯ ಮುಂದಿನ ಆಟದ ಬಗ್ಗೆ ಕಣ್ಣರಳಿಸಿ ಮಾತಾಡಿದರೆ ಯಾರು ತಾನೆ ಅನುಮಾನಪಡುತ್ತಾರೆ?

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಫೇಬಲ್ ಮೂಲದಲ್ಲಿ ಮೊಲಿನ್ಯೂ ಒಬ್ಬರ ಕೂಸಲ್ಲ. ಡೀನ್ ಕಾರ್ಟರ್ ಮತ್ತು ಸೈಮನ್ ಕಾರ್ಟರ್ ಎಂಬ ಅಣ್ಣತಮ್ಮಂದಿರು ಬಿಗ್ ಬ್ಲೂ ಬಾಕ್ಸ್ ಎಂಬ ಚಿಕ್ಕ ಸ್ಟುಡಿಯೋ ನಡೆಸುತ್ತಿದ್ದರು. ಅದು ಲಯನ್‌ಹೆಡ್‌ನ ನೆರಳಿನಲ್ಲಿದ್ದ ಸ್ಟುಡಿಯೋ. ಅಲ್ಲಿ ಶುರುವಾದ ಈ ಆಟಕ್ಕೆ ಆಗ ಪ್ರಾಜೆಕ್ಟ್ ಈಗೋ ಎಂದು ಹೆಸರು. ಕೆಲಸ ಒಂದು ಕಡೆ ನಡೆಯುತ್ತಿತ್ತು, ಮಾತು ಇನ್ನೊಬ್ಬರ ಬಾಯಿಂದ ಬರುತ್ತಿತ್ತು. ಈ ದೂರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಏನೇನು ಹೇಳಿದ್ದರು

ಹುಡುಗನಾಗಿ ಆಟ ಶುರು ಮಾಡುತ್ತೀರಿ, ಮುದುಕನಾಗಿ ಮುಗಿಸುತ್ತೀರಿ. ಏಟು ತಿಂದರೆ ಕಲೆ ಉಳಿಯುತ್ತದೆ. ಜಾಸ್ತಿ ತಿಂದರೆ ದಪ್ಪ ಆಗುತ್ತೀರಿ. ಮದುವೆ ಆಗಬಹುದು, ಮಕ್ಕಳಾಗಬಹುದು. ನಿಮ್ಮ ಹಾಗೇ ಬೇರೆ ವೀರರೂ ಆ ಲೋಕದಲ್ಲಿರುತ್ತಾರೆ, ನೀವು ತಡ ಮಾಡಿದರೆ ಅವರು ನಿಮಗಿಂತ ಮುಂದೆ ಹೋಗುತ್ತಾರೆ. ಲೋಕ ನಿಮ್ಮ ಜೊತೆ ಬದಲಾಗುತ್ತದೆ. ಕಾಲ ಕಳೆದಂತೆ ಮರಗಳು ಬೆಳೆಯುತ್ತವೆ.

ಜಾಹೀರಾತಿನ ಸಾಲು ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳುತ್ತಿತ್ತು: ಪ್ರತಿ ಆಯ್ಕೆಗೂ ಒಂದು ಪರಿಣಾಮ.

ಈ ಮಾತುಗಳಲ್ಲಿ ಮರದ ಮಾತು ತೀರ ಚಿಕ್ಕದು. ಆದರೆ ಜನರ ಮನಸ್ಸಿನಲ್ಲಿ ನಾಟಿದ್ದು ಅದೇ. ಅದು ಬೆಳೆದ ರೀತಿಯನ್ನು ಗಮನಿಸಬೇಕು. ಮೊಲಿನ್ಯೂ ತಮ್ಮ ಪತ್ರದಲ್ಲಿ ಬರೆದಿರುವುದು ಇಷ್ಟು: ಮೂರು ವರ್ಷದ ಹಿಂದೆ, ಕಾಲ ಕಳೆದಂತೆ ಬೆಳೆಯುವ ಮರಗಳ ಬಗ್ಗೆ ನಾನು ಮಾತಾಡಿದ್ದೆ. ಜನರ ನೆನಪಿನಲ್ಲಿ ಉಳಿದಿರುವುದು ಬೇರೆ: ಒಂದು ಓಕ್ ಬೀಜ ಕೆಳಗೆ ಬೀಳುತ್ತದೆ. ಹುಡುಗನಾಗಿದ್ದಾಗ ನೀವು ಅದನ್ನು ನೋಡುತ್ತೀರಿ, ಅಥವಾ ನೀವೇ ನೆಡುತ್ತೀರಿ. ಊರು ಬಿಟ್ಟು ಹೋಗುತ್ತೀರಿ. ಕೂದಲು ಬೆಳ್ಳಗಾದ ಮೇಲೆ ವಾಪಸ್ ಬರುತ್ತೀರಿ. ಅಲ್ಲಿ ದೊಡ್ಡ ಮರ ನಿಂತಿರುತ್ತದೆ.

ಈ ಎರಡರ ನಡುವೆ ಏನು ಸೇರಿಕೊಂಡಿದೆ ನೋಡಿ. ಮೊದಲನೆಯದು ಗ್ರಾಫಿಕ್ಸ್‌ಗೆ ಸಂಬಂಧಿಸಿದ ಒಂದು ಸೌಲಭ್ಯ. ಎರಡನೆಯದು ಒಂದು ಪೂರ್ತಿ ಬದುಕು. ಬಿಟ್ಟು ಹೋದ ಊರು, ವಾಪಸ್ ಬಂದ ಮನುಷ್ಯ, ಅವನನ್ನು ನೆನಪಿಟ್ಟುಕೊಂಡ ಮಣ್ಣು. ಮೂರು ವರ್ಷ ಕಾದ ಆಟಗಾರರು ಆ ಆಟವನ್ನು ತಲೆಯೊಳಗೆ ಆಗಲೇ ಆಡಿ ಮುಗಿಸಿದ್ದರು. ಅವರು ನೋಡಿದ ಲೋಕ ಯಾವ ಯಂತ್ರದಲ್ಲೂ ಹಿಡಿಸುವಂಥದ್ದಾಗಿರಲಿಲ್ಲ. ಅದಕ್ಕೆ ಅವರನ್ನು ದೂರುವುದಕ್ಕೂ ಆಗದು. ಅಂಗೈಯಲ್ಲಿ ಅರಮನೆ ತೋರಿಸಿದರೆ, ನೋಡಿದವರು ಒಳಗೆ ಹೋಗಿ ಒಂದು ಕೋಣೆ ತಮಗೆ ಅಂತ ಇಟ್ಟುಕೊಳ್ಳುವುದು ಸಹಜ ಅಲ್ವಾ?

ಪೆಟ್ಟಿಗೆ ತೆರೆದಾಗ ಸಿಕ್ಕಿದ್ದು

ಮೊದಲ ಅರ್ಧ ಗಂಟೆ ಅಪ್ಪಟ ಚಿನ್ನ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಆಲ್ಬಿಯನ್ ಎಂಬ ಲೋಕ. ಓಕ್‌ವೇಲ್ ಎಂಬ ಹಳ್ಳಿ. ಅವತ್ತು ನಿಮ್ಮ ಅಕ್ಕನ ಹುಟ್ಟುಹಬ್ಬ. ಉಡುಗೊರೆ ತರುವುದನ್ನು ನೀವು ಮರೆತಿದ್ದೀರಿ. ಅಪ್ಪ ಹೇಳುತ್ತಾನೆ: ಒಂದು ಒಳ್ಳೆಯ ಕೆಲಸ ಮಾಡಿದರೆ ಒಂದು ಚಿನ್ನದ ನಾಣ್ಯ ಕೊಡುತ್ತೇನೆ. ನಾಣ್ಯ ಕೂಡಿಸಿ ಅಕ್ಕನಿಗೆ ಚಾಕೊಲೇಟ್ ಪೆಟ್ಟಿಗೆ ತರಬೇಕು.

ಊರೊಳಗೆ ಹೋಗುತ್ತೀರಿ. ಒಬ್ಬ ವ್ಯಾಪಾರಿ, ಸ್ವಲ್ಪ ಹೊತ್ತು ಈ ಪೀಪಾಯಿಗಳನ್ನು ನೋಡಿಕೊಳ್ಳಪ್ಪ ಅಂತ ಹೇಳಿ ಹೋಗುತ್ತಾನೆ. ಅವನು ಹೋದ ಕೂಡಲೇ ಇನ್ನೊಬ್ಬ ಹುಡುಗ ಬಂದು, ಒಡೆದು ನೋಡು, ಒಳಗೆ ಏನೋ ಇರಬಹುದು ಅಂತ ಚುಚ್ಚುತ್ತಾನೆ. ಇನ್ನೊಂದು ಕಡೆ ಒಬ್ಬಳು ಹೆಂಗಸು ಗಂಡನನ್ನು ಹುಡುಕುತ್ತಿದ್ದಾಳೆ. ಗಂಡ ಮನೆಯೊಂದರ ಹಿಂದೆ ಬೇರೊಬ್ಬಳ ಜೊತೆ ನಿಂತಿದ್ದಾನೆ. ನೀವು ನೋಡಿದ್ದು ಗೊತ್ತಾದ ತಕ್ಷಣ ಒಂದು ನಾಣ್ಯ ಕೊಟ್ಟು, ಯಾರಿಗೂ ಹೇಳಬೇಡ ಅನ್ನುತ್ತಾನೆ. ಹೇಳಿದರೆ ಅಪ್ಪನಿಂದ ನಾಣ್ಯ, ಹೇಳದಿದ್ದರೆ ಇವನಿಂದ ನಾಣ್ಯ. ಎರಡರಲ್ಲೂ ಚಾಕೊಲೇಟ್‌ಗೆ ಬೇಕಾದ ದುಡ್ಡು ಬರುತ್ತದೆ. ನೀವು ಎಂಥ ಹುಡುಗ ಅನ್ನುವುದು ಮಾತ್ರ ಬೇರೆ ಆಗುತ್ತದೆ.

ಎಷ್ಟು ಚೆನ್ನಾಗಿದೆ ಇದು! ದೊಡ್ಡ ಮಾತಿಲ್ಲ, ಪಾಠವಿಲ್ಲ. ಐದು ನಿಮಿಷದಲ್ಲಿ ಆಯ್ಕೆ ಎಂದರೆ ಏನು ಎಂದು ಕೈಗೆ ತಾಗುವ ಹಾಗೆ ತೋರಿಸುತ್ತದೆ. ಆಟಗಳಲ್ಲಿ ನಾನು ನೋಡಿದ ಒಳ್ಳೆಯ ಆರಂಭಗಳಲ್ಲಿ ಇದು ಒಂದು.

ಆಮೇಲೆ ದರೋಡೆಕೋರರು ಊರಿಗೆ ಬೆಂಕಿ ಇಡುತ್ತಾರೆ. ಮೇಜ್ ಎಂಬ ಮಾಂತ್ರಿಕ ಹುಡುಗನನ್ನು ಕಾಪಾಡಿ ವೀರರ ಗಿಲ್ಡ್‌ಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ತರಬೇತಿ. ಹುಡುಗ ಹರೆಯದವನಾಗುತ್ತಾನೆ, ಆಮೇಲೆ ಗಂಡಸಾಗುತ್ತಾನೆ. ನಿಜವಾದ ಆಟ ಶುರುವಾಗುವುದು ಇಲ್ಲಿಂದ. ಕೊಟ್ಟ ಮಾತಿಗೂ ಕೈಗೆ ಸಿಕ್ಕಿದ್ದಕ್ಕೂ ನಡುವೆ ಬಿರುಕು ಕಾಣುವುದೂ ಇಲ್ಲಿಂದಲೇ.

ದಾರಿಯಲ್ಲಿ ಹೋಗುತ್ತಿರುತ್ತೀರಿ. ಪಕ್ಕದಲ್ಲಿ ಮೊಣಕಾಲೆತ್ತರದ ಬೇಲಿ. ಆಚೆ ಹಸಿರು ಗುಡ್ಡ. ದಾಟಿ ಹೋಗೋಣ ಅನಿಸುತ್ತದೆ. ಆಗುವುದಿಲ್ಲ. ಈ ವೀರನಿಗೆ ಹಾರುವುದಕ್ಕೇ ಬರುವುದಿಲ್ಲ. ರಾಕ್ಷಸರನ್ನು ಸೀಳುವ ಕೈ, ಆದರೆ ಆ ಬೇಲಿ ದಾಟದ ಕಾಲು. ಸ್ವಲ್ಪ ದೂರ ಹೋದರೆ ಆ ಪ್ರದೇಶ ಮುಗಿಯುತ್ತದೆ, ಲೋಡಿಂಗ್ ಪರದೆ ಬರುತ್ತದೆ, ಇನ್ನೊಂದು ತುಂಡು ಶುರುವಾಗುತ್ತದೆ. ಲೋಕ ಎಂದು ಹೇಳಿದ್ದು ಇಲ್ಲಿ ಓಣಿಗಳ ಸರಪಳಿ. ಫೇಬಲ್ ಬಂದದ್ದು ಎಕ್ಸ್‌ಬಾಕ್ಸ್ ಎಂಬ ಮೈಕ್ರೋಸಾಫ್ಟ್‌ನ ಗೇಮ್ ಯಂತ್ರಕ್ಕೆ. ಎರಡು ವರ್ಷದ ಮುಂಚೆ, 2002ರಲ್ಲಿ, ಇದೇ ಎಕ್ಸ್‌ಬಾಕ್ಸ್‌ಗೆ ಮಾರೋವಿಂಡ್ ಎಂಬ ಆಟ ಬಂದಿತ್ತು. ಅದರಲ್ಲಿ ಕಣ್ಣಿಗೆ ಕಂಡ ಗುಡ್ಡ ಹತ್ತಬಹುದಿತ್ತು. ಅದನ್ನು ಆಡಿ ಬಂದವರಿಗೆ ಈ ಬೇಲಿ ಹೇಗೆ ಕಂಡಿರಬೇಡ.

ವಯಸ್ಸಾಗುವ ವಿಷಯ ಇನ್ನೂ ಬೇಸರದ್ದು. ವೀರನಿಗೆ ವಯಸ್ಸಾಗುತ್ತದೆ ನಿಜ. ಆದರೆ ಅದು ನಡೆಯುವುದು ಮುಖ್ಯವಾಗಿ ಗಿಲ್ಡ್‌ನಲ್ಲಿ ಅನುಭವದ ಅಂಕ ಖರ್ಚು ಮಾಡಿದಾಗ. ಶಕ್ತಿ ಹೆಚ್ಚಿಸಿಕೊಳ್ಳಿ, ವಯಸ್ಸು ಸ್ವಲ್ಪ ಏರಿತು. ಮಂತ್ರ ಕಲಿಯಿರಿ, ಇನ್ನೂ ಸ್ವಲ್ಪ ಏರಿತು. ಹೀಗೆ ಕಲಿಯುತ್ತ ಕಲಿಯುತ್ತ ತಲೆ ನರೆಯುತ್ತದೆ. ಬೋವರ್‌ಸ್ಟೋನ್ ಪೇಟೆಯ ಅಂಗಡಿಯವರು ಮಾತ್ರ ಹಾಗೇ ಇರುತ್ತಾರೆ. ಮೊದಲ ದಿನ ಸಾಮಾನು ಕೊಟ್ಟ ಅದೇ ಮುಖ, ನೀವು ಮುದುಕನಾಗಿ ಬಂದು ನಿಂತಾಗಲೂ ಅದೇ ಪ್ರಾಯದಲ್ಲಿ ಅದೇ ಮಾತು ಹೇಳುತ್ತದೆ. ಹುಡುಗನಿಂದ ಮುದುಕನವರೆಗೆ ಅನ್ನುವ ಮಾತು ಅಕ್ಷರಕ್ಕೆ ಅಕ್ಷರ ನಿಜವಾಯಿತು. ಅದರೊಳಗೆ ಇರಬೇಕಾದ ಕಾಲ ಮಾತ್ರ ಇರಲಿಲ್ಲ.

ಪೈಪೋಟಿಯ ವೀರರು? ವಿಸ್ಪರ್ ಎಂಬ ಒಬ್ಬಳು ಜೊತೆಗಾತಿ ಇದ್ದಾಳೆ. ಕಥೆ ಎಲ್ಲಿ ನಿಲ್ಲು ಅನ್ನುತ್ತದೋ ಅಲ್ಲಿ ನಿಲ್ಲುತ್ತಾಳೆ. ಮದುವೆ ಇದೆ, ಮಕ್ಕಳಿಲ್ಲ. ಇಬ್ಬರು ಕೂಡಿ ಆಡುವ ಯೋಚನೆ ಬಿಡುಗಡೆಗೆ ಮುಂಚೆಯೇ ಬಿದ್ದುಹೋಗಿತ್ತು. ಮುಖ್ಯ ಕಥೆ ಹತ್ತು ಹದಿನೈದು ಗಂಟೆಯಲ್ಲಿ ಮುಗಿಯುತ್ತದೆ.

ಇದ್ದದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಕೆಟ್ಟವನಾಗಿ ಆಡಿದರೆ ತಲೆಯ ಮೇಲೆ ಕೊಂಬು ಬರುತ್ತದೆ, ಸುತ್ತ ನೊಣ ಹಾರಾಡುತ್ತವೆ, ಜನ ಓಡಿಹೋಗುತ್ತಾರೆ. ಒಳ್ಳೆಯವನಾದರೆ ತಲೆಯ ಸುತ್ತ ಪ್ರಭೆ, ಜನ ಚಪ್ಪಾಳೆ ತಟ್ಟುತ್ತಾರೆ. ಕಲೆಗಳು ಉಳಿಯುತ್ತವೆ. ಡ್ಯಾನಿ ಎಲ್ಫ್‌ಮನ್ ಮಾಡಿದ ಮುಖ್ಯ ಸಂಗೀತವೂ ರಸೆಲ್ ಶಾ ಮಾಡಿದ ಉಳಿದ ಸಂಗೀತವೂ ಈಗ ಕೇಳಿದರೂ ಹಿತವಾಗಿವೆ. ಕೊನೆಯಲ್ಲಿ ಒಂದು ಕತ್ತಿ. ಅದನ್ನು ಉಳಿಸಿಕೊಳ್ಳಬೇಕಾದರೆ ಅಕ್ಕನನ್ನೇ ಕೊಲ್ಲಬೇಕು. ಯಾರಿಗೆ ಚಾಕೊಲೇಟ್ ತರುವುದಕ್ಕೆ ಊರೆಲ್ಲ ಅಲೆದಿದ್ದಿರೋ ಆ ಅಕ್ಕ. ಆ ಗಳಿಗೆಯಲ್ಲಿ ನನ್ನ ಕೈ ಗಟ್ಟಿಯಾಗಿ ನಿಂತುಬಿಟ್ಟಿತ್ತು. ಪಕ್ಕದಲ್ಲಿದ್ದ ತಮ್ಮನೂ ಮಾತಾಡಲಿಲ್ಲ.

ಇನ್ನೊಂದು ಸೌಲಭ್ಯದ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ. ಕೆಲಸಕ್ಕೆ ಹೊರಡುವ ಮುಂಚೆ ವೀರ ಒಂದು ಕಟ್ಟೆಯ ಮೇಲೆ ನಿಂತು ಜನರ ಮುಂದೆ ಪಣ ಕಟ್ಟಬಹುದು. ಮೈಮೇಲೆ ಬಟ್ಟೆ ಇಲ್ಲದೆ ಹೋರಾಡುತ್ತೇನೆ, ಒಂದು ಏಟೂ ತಿನ್ನದೆ ಬರುತ್ತೇನೆ, ಹೀಗೆ. ಹೇಳಿದ್ದನ್ನು ಮಾಡಿದರೆ ಜಾಸ್ತಿ ಹಣ. ಮಾಡದಿದ್ದರೆ ಕಟ್ಟಿದ ಹಣ ಹೋಗುತ್ತದೆ. ಹೇಳಿದ ಮಾತಿಗೆ ಬೆಲೆ ಇಟ್ಟಿರುವ ಈ ನಿಯಮ ನನಗೆ ತುಂಬ ಇಷ್ಟ. ಅದನ್ನು ಯೋಚಿಸಿದವರು ಅದೇ ಸ್ಟುಡಿಯೋದಲ್ಲಿ ಕೂತಿದ್ದವರು.

ಐದು ಮಿಲಿಸೆಕೆಂಡು

ಈಗ ಪತ್ರಕ್ಕೆ ಬರೋಣ. ಮೊಲಿನ್ಯೂ ಅದರಲ್ಲಿ ಹೇಳಿದ್ದರ ಸಾರ ಇದು. ಆಟ ಮಾಡುವಾಗ ನಾವು ಕನಸು ಕಂಡದ್ದನ್ನೆಲ್ಲ ಸೇರಿಸಲು ನೋಡುತ್ತೇವೆ. ಉತ್ಸಾಹದಲ್ಲಿ ಕೇಳಿದವರಿಗೆಲ್ಲ ಹೇಳಿಬಿಡುತ್ತೇನೆ. ನಾನು ಹೇಳಿದ ಪ್ರತಿಯೊಂದೂ ತಯಾರಿಯಲ್ಲಿತ್ತು, ಆದರೆ ಎಲ್ಲವೂ ಕೊನೆಯವರೆಗೆ ಉಳಿಯಲಿಲ್ಲ. ಮರ ಬೆಳೆಯುವ ಕೋಡ್ ಅನ್ನು ತಂಡ ಬರೆದಿತ್ತು. ಅದು ಪ್ರೊಸೆಸರ್ ಸಮಯದಲ್ಲಿ ಶೇಕಡಾ 15ರಷ್ಟನ್ನು ತಿನ್ನುತ್ತಿತ್ತು. ಅದನ್ನು ಹೊಡೆದಾಟಕ್ಕೆ, ದೃಶ್ಯ ಪರಿಣಾಮಗಳಿಗೆ ಕೊಡುವುದು ಮೇಲು ಅನಿಸಿತು. ಇದರಿಂದ ಬೇಸರವಾದವರ ಕ್ಷಮೆ ಕೇಳುತ್ತೇನೆ. ಇನ್ನು ಮುಂದೆ ಮಾಡಿ, ಪರೀಕ್ಷಿಸಿ, ಗಟ್ಟಿಯಾದ ಮೇಲಷ್ಟೇ ಹೊರಗೆ ಹೇಳುತ್ತೇನೆ.

ಶೇಕಡಾ 15 ಅಂದರೆ ಎಷ್ಟು? ಎಕ್ಸ್‌ಬಾಕ್ಸ್‌ನ ಪ್ರೊಸೆಸರ್ 733 ಮೆಗಾಹರ್ಟ್ಸ್‌ನದು. ಮೆಮೊರಿ 64 ಎಂಬಿ, ಅದನ್ನೇ ಗ್ರಾಫಿಕ್ಸೂ ಹಂಚಿಕೊಳ್ಳಬೇಕು. ಸೆಕೆಂಡಿಗೆ 30 ಚಿತ್ರ ಎಂದಿಟ್ಟುಕೊಂಡರೆ ಒಂದು ಚಿತ್ರ ತಯಾರಿಸಲು ಸಿಗುವುದು ಸುಮಾರು 33 ಮಿಲಿಸೆಕೆಂಡು. ಅದರಲ್ಲಿ 15 ಪರ್ಸೆಂಟ್ ಅಂದರೆ ಐದು ಮಿಲಿಸೆಕೆಂಡು. ಶತ್ರುಗಳ ಬುದ್ಧಿ, ಊರಿನ ಜನರ ಓಡಾಟ, ಕತ್ತಿಯ ಏಟು, ಬೆಂಕಿಯ ಕಿಡಿ ಎಲ್ಲ ಉಳಿದ 28ರಲ್ಲಿ ಮುಗಿಯಬೇಕು. ಕೋಡ್ ಬರೆಯುವವರನ್ನು ಕೇಳಿ ನೋಡಿ. ಐದು ಮಿಲಿಸೆಕೆಂಡಿಗೆ ಅವರು ವಾರಗಟ್ಟಲೆ ಒದ್ದಾಡುತ್ತಾರೆ.

ಇನ್ನೊಂದು ತೊಡಕೂ ಇದೆ. ಮರ ಬೆಳೆಯುವುದನ್ನು ನೋಡುವವರು ಯಾರು? ಕಥೆ ಹತ್ತು ಹದಿನೈದು ಗಂಟೆಯದು. ಆಟಗಾರ ಒಂದು ಕಾಡಿನ ತುಂಡನ್ನು ಎರಡು ಮೂರು ಸಲ ದಾಟುತ್ತಾನೆ, ಅದೂ ಓಡುತ್ತ, ದರೋಡೆಕೋರರ ಜೊತೆ ಹೊಡೆದಾಡುತ್ತ. ಅಂಥವನು ಮೊದಲು ಚಿಕ್ಕದಿದ್ದ ಗಿಡ ಈಗ ದೊಡ್ಡದಾಗಿದೆ ಎಂದು ಗಮನಿಸುವುದು ಕಷ್ಟ. ಆ ಮರವನ್ನು ಕಡಿದದ್ದು ಸರಿಯಾದ ತೀರ್ಮಾನ. ನಾನು ಆ ಕುರ್ಚಿಯಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ.

ಹಾಗಾದರೆ ತಪ್ಪಾಗಿದ್ದು ಎಲ್ಲಿ?

ನನಗೆ ಕಾಣುವುದು ಹೀಗೆ. ಕಡಿದದ್ದು ತಪ್ಪಲ್ಲ, ಕಡಿದದ್ದನ್ನು ಹೇಳದೆ ಇದ್ದದ್ದು ತಪ್ಪು. ಮರಗಳು ಬೆಳೆಯುತ್ತವೆ ಎಂಬ ಮಾತು ಮೂರು ವರ್ಷ ಮೊದಲೇ ಹೊರಗೆ ಹೋಗಿತ್ತು. ಅದು ಪತ್ರಿಕೆಯಿಂದ ಪತ್ರಿಕೆಗೆ, ಬಾಯಿಂದ ಬಾಯಿಗೆ ಬೆಳೆಯಿತು. ಸ್ಟುಡಿಯೋದೊಳಗೆ ಆ ಕೋಡ್ ತೆಗೆದ ದಿನ ಒಂದಿತ್ತು. ಅವತ್ತು ಒಳಗಿದ್ದವರಿಗೆ ಗೊತ್ತಾಯಿತು. ಹೊರಗಿದ್ದವರಿಗೆ ಗೊತ್ತಾಗಿದ್ದು ದುಡ್ಡು ಕೊಟ್ಟು ತಂದು ಆಡಿದ ಮೇಲೆ. ಅಷ್ಟೂ ದಿನ ಜನ ಇಲ್ಲದ ಮರದ ನೆರಳಿನಲ್ಲಿ ಕೂತಿದ್ದರು.

ಅದೇ ಪತ್ರ ಆರು ತಿಂಗಳು ಮೊದಲು ಬಂದಿದ್ದರೆ? ಈ 15 ಪರ್ಸೆಂಟ್‌ನ ಲೆಕ್ಕ, ಇದನ್ನು ಬಿಟ್ಟಿದ್ದೇವೆ, ಅದರ ಬದಲು ಹೊಡೆದಾಟ ಚೆನ್ನಾಗಿ ಮಾಡಿದ್ದೇವೆ ಎಂಬ ಮಾತು ಅಂಗಡಿಗೆ ಬರುವ ಮುಂಚೆ ತಿಳಿದಿದ್ದರೆ? ಆಟಗಾರರು ದಡ್ಡರಲ್ಲ. ಮೊದಲು ಕೊಸರಾಡುತ್ತಿದ್ದರು, ಆಮೇಲೆ ಒಪ್ಪಿಕೊಳ್ಳುತ್ತಿದ್ದರು. ಪೆಟ್ಟಿಗೆ ತೆರೆದಾಗ ಅಲ್ಲಿರುವುದನ್ನು ನೋಡುತ್ತಿದ್ದರು. ಅಕ್ಕನಿಗೆ ಚಾಕೊಲೇಟ್ ತರುವ ಆ ಹುಡುಗನನ್ನು ನೋಡುತ್ತಿದ್ದರು. ಬದಲಿಗೆ ಎಷ್ಟೋ ಜನ ಇಡೀ ಆಟವನ್ನು ಇಲ್ಲದ್ದನ್ನು ಹುಡುಕುತ್ತ ಆಡಿದರು. ನಾನು ನನ್ನ ತಮ್ಮ ನಕ್ಕ ಕಡೆ ಅವರಿಗೆ ನಗುವುದಕ್ಕೆ ಆಗಲಿಲ್ಲ. ನನಗೆ ಜಾಸ್ತಿ ನೋವಾಗುವುದು ಈ ವಿಷಯಕ್ಕೇ.

ಮೊದಲು ಹೇಳಿದ ಆ ದೂರ ಇಲ್ಲಿ ಕೆಲಸ ಮಾಡಿದೆ. ಕೋಡ್ ಬರೆಯುವವರಿಗೆ ಯಂತ್ರದ ಮಿತಿ ದಿನಾ ಕಣ್ಣೆದುರು ಇರುತ್ತದೆ. ಸಂದರ್ಶನ ಕೊಡುವವರ ಎದುರು ಇರುವುದು ಕೇಳುತ್ತ ಕೂತ ಪತ್ರಕರ್ತರ ಮುಖ. ಕೇಳುವವರು ಮುಂದಕ್ಕೆ ಬಾಗಿದಷ್ಟೂ ಮಾತು ಉದ್ದವಾಗುತ್ತದೆ. ಪತ್ರಿಕೆಗಳಿಗೂ ಅದು ಬೇಕಿತ್ತು. ಮುಖಪುಟಕ್ಕೆ ಬೆಳೆಯುವ ಮರ ಬೇಕು, ಉಳಿಸಿದ ಮಿಲಿಸೆಕೆಂಡು ಬೇಡ.

ಆಮೇಲೆ ಬಂದ ಇನ್ನೊಂದು ಮಾತು

ಪ್ರಕರಣ ಇಷ್ಟಕ್ಕೇ ಮುಗಿದಿದ್ದರೆ ಉತ್ಸಾಹ ಜಾಸ್ತಿಯಾಯಿತು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಎಷ್ಟೋ ವರ್ಷದ ನಂತರ ಮೊಲಿನ್ಯೂ ಬೇರೆ ಮಾತು ಹೇಳಿದರು. ಪತ್ರಕರ್ತರು ನಿದ್ದೆ ಹೋಗದಿರಲಿ ಎಂದು ತಾವು ಆ ಕ್ಷಣಕ್ಕೆ ಹುಟ್ಟಿಸಿ ಹೇಳಿದ ಸೌಲಭ್ಯಗಳು ಕನಿಷ್ಠ ಹತ್ತಾದರೂ ಇವೆ ಎಂದು ಒಪ್ಪಿಕೊಂಡರು. ಅದಕ್ಕೆ ಅವರು ಕ್ಷಮೆ ಕೇಳಿದ್ದು ತಮ್ಮ ತಂಡವನ್ನು.

2004ರ ಪತ್ರ ಹೇಳುವುದು, ನಾನು ಹೇಳಿದ್ದೆಲ್ಲ ತಯಾರಿಯಲ್ಲಿತ್ತು ಎಂದು. ಈ ಮಾತು ಹೇಳುವುದು, ಕೆಲವನ್ನು ಸುಮ್ನೆ ಹೇಳಿಬಿಟ್ಟೆ ಎಂದು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹೊಂದುವುದಿಲ್ಲ. ಹೊಸ ಮಾತು ಯಾವ ಆಟದ ಯಾವ ಸೌಲಭ್ಯದ ಬಗ್ಗೆ ಎಂದು ಅವರು ಬಿಡಿಸಿ ಹೇಳಲಿಲ್ಲ. ಹಾಗಾಗಿ ಹಳೆಯ ಪತ್ರದ ಮೇಲೂ ಅದರ ನೆರಳು ಬಿತ್ತು. ನನಗೆ ಅವರ ಮೇಲೆ ಸಿಟ್ಟಿಗಿಂತ ಸಂಕಟ ಜಾಸ್ತಿ. ಮರುದಿನ ಪತ್ರಿಕೆ ಓದಿ, ಇದನ್ನು ನಾವು ಮಾಡಬೇಕಾ ಎಂದು ತಲೆ ಮೇಲೆ ಕೈ ಇಟ್ಟುಕೊಂಡ ಹುಡುಗರನ್ನು ನೆನೆದರೆ ಇನ್ನೂ ಸಂಕಟ.

ಮುಂದಿನದನ್ನು ಬೇಗ ಹೇಳುತ್ತೇನೆ. 2005ರಲ್ಲಿ ಹೊಸ ಅಧ್ಯಾಯಗಳನ್ನು ಸೇರಿಸಿ ದಿ ಲಾಸ್ಟ್ ಚಾಪ್ಟರ್ಸ್ ಎಂಬ ಆವೃತ್ತಿ ಬಂತು, ನಾನು ಆಡಿದ್ದು ಅದೇ. 2006ರಲ್ಲಿ ಮೈಕ್ರೋಸಾಫ್ಟ್ ಲಯನ್‌ಹೆಡ್ ಅನ್ನು ಕೊಂಡಿತು. 2008ರಲ್ಲಿ ಫೇಬಲ್ 2 ಬಂತು. ಮಕ್ಕಳು, ನಾಯಕಿಯಾಗಿ ಆಡುವ ಅವಕಾಶ, ಇಬ್ಬರು ಕೂಡಿ ಆಡುವುದು, ಎಲ್ಲ ಅದರಲ್ಲಿ ಸಿಕ್ಕಿತು. ಮೊದಲ ಆಟಕ್ಕೆ ಅಂತ ಕಂಡ ಕನಸು ನಾಲ್ಕು ವರ್ಷ ತಡವಾಗಿ ಕೈಗೆ ಬಂತು. ಅದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಇನ್ನು ಮುಂದೆ ಗಟ್ಟಿಯಾದ ಮೇಲಷ್ಟೇ ಹೇಳುತ್ತೇನೆ ಅಂದಿದ್ದ ಮಾತು ಉಳಿಯಲಿಲ್ಲ. 2009ರಲ್ಲಿ ಕಿನೆಕ್ಟ್ ಕ್ಯಾಮೆರಾದ ಮುಂದೆ ನಿಂತು ಮಾತಾಡಿದರೆ ಉತ್ತರ ಕೊಡುವ ಮೈಲೋ ಎಂಬ ಹುಡುಗನನ್ನು ತೋರಿಸಿದರು. ಅದು ಯಾವತ್ತೂ ಅಂಗಡಿಗೆ ಬರಲಿಲ್ಲ. 2012ರಲ್ಲಿ ಮೊಲಿನ್ಯೂ ಲಯನ್‌ಹೆಡ್ ಬಿಟ್ಟು 22ಕ್ಯಾನ್ಸ್ ಕಟ್ಟಿದರು. ಗಾಡಸ್ ಎಂಬ ಆಟಕ್ಕೆ ಅಭಿಮಾನಿಗಳೇ 5 ಲಕ್ಷ ಪೌಂಡಿಗೂ ಜಾಸ್ತಿ ಹಣ ಕೂಡಿಸಿ ಕೊಟ್ಟರು. ಆ ಆಟವೂ ಹೇಳಿದ ಹಾಗೆ ಮುಗಿಯಲಿಲ್ಲ. 2015ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಒಬ್ಬ ಪತ್ರಕರ್ತರು ಸಂದರ್ಶನದ ಮೊದಲ ಪ್ರಶ್ನೆಯಾಗಿ, ಸುಳ್ಳು ಹೇಳುವುದು ನಿಮಗೆ ರೋಗವೇ ಎಂಬ ಅರ್ಥದಲ್ಲಿ ಕೇಳಿದರು. ಹದಿನೈದು ವರ್ಷದ ಹಿಂದೆ ಇದೇ ಮನುಷ್ಯನ ಮಾತಿಗೆ ಪತ್ರಕರ್ತರು ಮುಂದಕ್ಕೆ ಬಾಗಿ ಕೂರುತ್ತಿದ್ದರು. 2016ರ ಏಪ್ರಿಲ್ ಕೊನೆಗೆ ಲಯನ್‌ಹೆಡ್ ಬಾಗಿಲು ಮುಚ್ಚಿತು. ತಯಾರಾಗುತ್ತಿದ್ದ ಫೇಬಲ್ ಲೆಜೆಂಡ್ಸ್ ಅಲ್ಲಿಗೇ ನಿಂತುಹೋಯಿತು. 2020ರಲ್ಲಿ ಪ್ಲೇಗ್ರೌಂಡ್ ಗೇಮ್ಸ್ ಎಂಬ ಬೇರೆ ಸ್ಟುಡಿಯೋ ಹೊಸ ಫೇಬಲ್ ಮಾಡುತ್ತಿರುವುದಾಗಿ ಪ್ರಕಟಿಸಿತು.

ಇಷ್ಟೆಲ್ಲ ಓದಿ ಮುಗಿಸಿದ ಮೇಲೂ ನನ್ನ ತಲೆ ಹೋಗುವುದು ಆ ಮರದ ಹತ್ತಿರಕ್ಕೇ. ಗೇಮಿಂಗ್ ಲೋಕದಲ್ಲಿ ಸುಳ್ಳು ಭರವಸೆ ಅಂದರೆ ಎಲ್ಲರೂ ಅದನ್ನೇ ಬೊಟ್ಟು ಮಾಡಿ ತೋರಿಸುತ್ತಾರೆ. ಪತ್ರದ ಮಾತನ್ನು ನಂಬುವುದಾದರೆ, ಅದನ್ನು ನಿಜಕ್ಕೂ ಕೂತು ಮಾಡಿದ್ದರು. ಯಾರೋ ಒಬ್ಬರು ಆ ಕೋಡ್ ಬರೆದರು. ಓಡಿಸಿ ನೋಡಿದರು. ಪ್ರೊಸೆಸರ್‌ನಲ್ಲಿ ಎಷ್ಟು ತಿನ್ನುತ್ತದೆ ಎಂದು ಅಳೆದರು. ಅಳೆಯಬೇಕಾದರೆ ಮರ ಪರದೆಯ ಮೇಲೆ ಬೆಳೆಯಲೇಬೇಕು. ಗಿಲ್ಡ್‌ಫೋರ್ಡ್‌ನಲ್ಲೋ ಅಣ್ಣತಮ್ಮಂದಿರ ಆ ಚಿಕ್ಕ ಸ್ಟುಡಿಯೋದಲ್ಲೋ ಒಂದು ಮೇಜಿನ ಮೇಲಿದ್ದ ಪರದೆಯಲ್ಲಿ ಅದು ಬೆಳೆದಿತ್ತು, ಮತ್ತು ಅದನ್ನು ಅಲ್ಲಿದ್ದ ನಾಲ್ಕಾರು ಜನ ನೋಡಿದ್ದರು.